ಬಂಬಲ್ ಬೀ ಪೆಟ್ಟಿಗೆ ಘಟ್ಟಕ್ಕೆ ಬರೋ ಮೊದ್ಲೇ ಬೇಡ ಅನ್ನಿ: ತೋಟಗಾರಿಕೆ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ತೋಟಗಾರಿಕೆ ಸಚಿವರಿಗೆ, ಕರ್ನಾಟಕ ಜೀವವೈವಿಧ್ಯ ಮಂಡಳಿಯವರಿಗೆ, ಮತ್ತೆ ಈ ಪತ್ರ ಫಾರ್ವರ್ಡ್ ಆಗ್ತಾ ಆಗ್ತಾ ಯಾರ್ಯಾರ ಮೊಬೈಲಿಗೆ ಬಂದು ಬೀಳತ್ತೋ ಅವರೆಲ್ಲರಿಗೂ,

ನಮಸ್ಕಾರ. ನಾನು ಶಿರಸಿ ತಾಲೂಕಿನ ಅಡಿಕೆ ತೋಟದವ. ತೋಟದ ಅಂಚಿಗೆ ತುಡುವೆ ಜೇನಿನ ಪೆಟ್ಟಿಗೆ ಇಟ್ಕೊಂಡಿದ್ದೇನೆ, ಮನೆ ಹಿಂದಿನ ಕೆಂಪುಕಲ್ಲಿನ ಗೋಡೆ ಸಂದೀಲಿ ಮಿಸ್ರಿ ಅನ್ನೋ ಚುಚ್ಚದ ಸಣ್ಣ ಜೇನು ತಾನಾಗೇ ಬಂದು ಕೂತಿದೆ. ವಿಜ್ಞಾನಿ ಅಲ್ಲ, ಯಾವ ಸಂಘದ ಪದಾಧಿಕಾರಿನೂ ಅಲ್ಲ. ನಿಮ್ಮ ಹತ್ರ ಸಬ್ಸಿಡಿ ಕೇಳೋಕೆ ಬರೀತಾ ಇಲ್ಲ, ಅದಕ್ಕೆ ಬೇರೆ ಜನ ಇದ್ದಾರೆ. ನಂಗೆ ಬೇಕಾಗಿರೋದು ಒಂದೇ ಒಂದು ಲಿಖಿತ ಆದೇಶ. ಬಂಬಲ್ ಬೀ ಅನ್ನೋ ಜೇನನ್ನ, ಅದು ಯುರೋಪಿನದ್ದಾಗ್ಲಿ ನಮ್ಮ ಹಿಮಾಲಯದ್ದೇ ಆಗ್ಲಿ, ಪಶ್ಚಿಮಘಟ್ಟದ ಜಿಲ್ಲೆಗಳಿಗೆ ಯಾರೂ ತರೋ ಹಾಗಿಲ್ಲ, ಪಾಲಿಹೌಸ್ ಒಳಗೆ ಇಟ್ಕೊಳ್ತೀವಿ ಅಂದ್ರೂ ಇಲ್ಲ, ಅಂತ.

ಇನ್ನೂ ಬಂದೇ ಇಲ್ವಲ್ಲ, ಅದಕ್ಕೆ ಈಗಲೇ ಯಾಕೆ ಗಲಾಟೆ ಅಂತ ನೀವು ಕೇಳಬಹುದು. ಮೊನ್ನೆ ನಮ್ಮ ಕಡೆ ಕೃಷಿಕರ ವಾಟ್ಸಾಪ್ ಗುಂಪಲ್ಲಿ ಒಂದು ವಿಡಿಯೋ ಬಂತು. ಯುರೋಪಿನ ಯಾವುದೋ ದೊಡ್ಡ ಗಾಜಿನಮನೆ, ಟೊಮೆಟೊ ಸಾಲು, ಮಧ್ಯದಲ್ಲಿ ಒಂದು ರಟ್ಟಿನ ಪೆಟ್ಟಿಗೆ, ಅದ್ರಿಂದ ದಪ್ಪ ರೋಮದ ಹಳದಿ ಕಪ್ಪು ಪಟ್ಟೆಯ ಹುಳ ಗುಂಯ್ ಅಂತ ಹೊರಗೆ ಬಂದು ಹೂವಿಗೆ ಜೋತುಬೀಳತ್ತೆ. ಚಂದ ಇತ್ತು, ಸುಳ್ಳು ಯಾಕೆ ಹೇಳಲಿ. ಆದ್ರೆ ಅದರ ಬೆನ್ನಿಗೇ ಮೆಸೇಜುಗಳು ಶುರುವಾಯ್ತು, ಇದು ನಮ್ಮಲ್ಲಿ ಎಲ್ಲಿ ಸಿಗತ್ತೆ, ರೇಟ್ ಎಷ್ಟು, ಇಲಾಖೆಯಿಂದ ಕೊಡಿಸ್ತಾರಾ, ಬೆಂಗಳೂರಲ್ಲಿ ಯಾರಾದ್ರೂ ಏಜೆಂಟ್ ಇದ್ದಾರಾ. ನಮ್ಮ ಜನ ಒಂದು ವಿಷಯಕ್ಕೆ ಮನಸ್ಸು ಮಾಡಿದ್ರೆ ಸಾಮಾನು ಎಲ್ಲಿಂದಾದ್ರೂ ಬರತ್ತೆ ಅನ್ನೋದು ನಿಮಗೂ ಗೊತ್ತು.

ಬಂಬಲ್ ಬೀ ಬಗ್ಗೆ ಗೊತ್ತಿಲ್ಲದವ್ರಿಗೆ ಸ್ವಲ್ಪ ಹೇಳಿಬಿಡ್ತೇನೆ. ಇದು ತುಪ್ಪ ಕೊಡೋ ಜೇನಲ್ಲ. ಚಳಿ ದೇಶದ್ದು, ನೆಲದೊಳಗೆ ಇಲಿ ಬಿಲದಂಥ ಕಡೆ ಗೂಡು, ಒಂದು ಕುಟುಂಬದಲ್ಲಿ ಹೆಚ್ಚಂದ್ರೆ ಕೆಲವು ನೂರು ಹುಳ. ಅದರ ಸಾಮರ್ಥ್ಯ ಇರೋದು ಬೇರೆ ಕಡೆ. ಟೊಮೆಟೊ, ಬದನೆ ಜಾತಿಯ ಹೂವಿನ ಪರಾಗ ಸುಮ್ಮನೆ ಮುಟ್ಟಿದ್ರೆ ಉದುರಲ್ಲ, ಕೇಸರ ಹಿಡಿದು ಅಲುಗಾಡಿಸಬೇಕು. ಬಂಬಲ್ ಬೀ ಹೂವನ್ನ ಕಚ್ಚಿ ಹಿಡಿದು ಮೈ ನಡುಗಿಸತ್ತೆ, ಪರಾಗ ಬುರ್ರಂತ ಉದುರತ್ತೆ. ಮೊದಲು ಯುರೋಪಲ್ಲಿ ಕೂಲಿಯವರು ಕರೆಂಟಿನ ವೈಬ್ರೇಟರ್ ಹಿಡ್ಕೊಂಡು ಗೊಂಚಲು ಗೊಂಚಲು ಅಲುಗಾಡಿಸ್ತಾ ಹೋಗ್ತಿದ್ರಂತೆ. 1985ರಲ್ಲಿ ಬೆಲ್ಜಿಯಂನ ಒಬ್ಬ ವೆಟರ್ನರಿ ಡಾಕ್ಟ್ರಿಗೆ ಈ ಹುಳದ ಕೆಲಸ ಕಣ್ಣಿಗೆ ಬಿತ್ತು, ಎರಡು ವರ್ಷದೊಳಗೆ ಅದು ಫ್ಯಾಕ್ಟರಿ ಬಿಸಿನೆಸ್ಸಾಯ್ತು, ಆಮೇಲೆ ಬಾಂಬಸ್ ಟೆರೆಸ್ಟ್ರಿಸ್ ಅನ್ನೋ ಜಾತಿಯ ಪೆಟ್ಟಿಗೆ ದೇಶ ದೇಶಕ್ಕೆ ವಿಮಾನದಲ್ಲಿ ಹೋಗೋಕೆ ಶುರುವಾಯ್ತು.

ರೈತನ ಆಸೆ ನಂಗೆ ಅರ್ಥ ಆಗತ್ತೆ. ವೆನಿಲ್ಲಾ ಭರಾಟೆ ಇದ್ದಾಗ ನಮ್ಮ ಮನೆ ಹೆಂಗಸ್ರು ಬೆಳಿಗ್ಗೆ ತಿಂಡಿಗೂ ಮೊದ್ಲು ತೋಟಕ್ಕಿಳಿದು, ಒಂದೊಂದು ಹೂವಿನ ಒಳಗಿನ ಪೊರೆ ಕಡ್ಡೀಲಿ ಎತ್ತಿ, ಹೆಬ್ಬೆರಳಲ್ಲಿ ಒತ್ತಿ, ಮತ್ತೊಂದಕ್ಕೆ ಹೋಗ್ತಿದ್ರು. ಮೆಕ್ಸಿಕೋದಲ್ಲಿ ಆ ಕೆಲಸಕ್ಕೆ ಜೇನಿದೆಯಂತೆ ಅಂತ ಕೇಳಿದಾಗ, ಅಲ್ಲಿಂದ ಒಂದು ಡಬ್ಬಿ ತರಿಸಿದ್ರೆ ಹೆಂಗೆ ಅಂತ ಯಾರಿಗೆ ಅನ್ನಿಸಿರಲಿಲ್ಲ ಹೇಳಿ! ಹಾಗಾಗಿ ಪಾಲಿಹೌಸಿನವ್ರನ್ನ ನಾನು ಬೈಯೋದಿಲ್ಲ. ಅವರಿಗೆ ಮಾರೋಕೆ ಬರೋರು ಮುಂದಿನ ಕಥೆ ಹೇಳಲ್ಲ, ಅದಕ್ಕೆ ನಾನು ಹೇಳ್ತಿದ್ದೇನೆ.

ಚಿಲಿ ದೇಶದವ್ರು 1997–98ರ ಹೊತ್ತಿಗೆ ಈ ಟೆರೆಸ್ಟ್ರಿಸ್ ಜೇನನ್ನ ಬೆಳೆ ಪರಾಗಸ್ಪರ್ಶಕ್ಕೆ ಅಂತ ತರಿಸಿದ್ರು, ಸರ್ಕಾರದ ಪರ್ಮಿಷನ್ ತಗೊಂಡೇ ತರಿಸಿದ್ರು, ಕದ್ದು ಅಲ್ಲ. ಪಕ್ಕದ ಅರ್ಜೆಂಟೀನಾ ತರಿಸಲಿಲ್ಲ. ಮಧ್ಯದಲ್ಲಿ ಆಂಡೀಸ್ ಅನ್ನೋ ಪರ್ವತ ಇದೆ, ನಮ್ಮ ಘಟ್ಟದ ಎತ್ತರ ಅದರ ಮುಂದೆ ಲೆಕ್ಕಕ್ಕೇ ಇಲ್ಲ. 2006ಕ್ಕೆ ಆ ಹುಳ ಪರ್ವತ ದಾಟಿ ಅರ್ಜೆಂಟೀನಾದಲ್ಲಿ ಕಂಡಿತು. ಆಮೇಲೆ ವರ್ಷಕ್ಕೆ ಸುಮಾರು 200 ಕಿಲೋಮೀಟರ್ ಲೆಕ್ಕದಲ್ಲಿ ದಕ್ಷಿಣಕ್ಕೆ ಹರಡ್ತಾ ಹೋಯ್ತು. ಕಾರವಾರದಲ್ಲಿ ಈ ವರ್ಷ ಬಿಟ್ರೆ ಮುಂದಿನ ವರ್ಷದೊಳಗೆ ಭಟ್ಕಳ ದಾಟಿ ಕುಂದಾಪುರನೂ ದಾಟಿ ಹೋಗಿರತ್ತೆ, ಅಷ್ಟು ವೇಗ.

ಅಲ್ಲಿ ಮೊದ್ಲಿಂದ ಇದ್ದ ಜೇನಿನ ಹೆಸರು ಬಾಂಬಸ್ ಡಾಲ್ಬೊಮಿ. ಮೈತುಂಬ ಕಿತ್ತಳೆ ಬಣ್ಣದ ರೋಮ, ಇಡೀ ಪ್ರಪಂಚದಲ್ಲೇ ಅತಿ ದೊಡ್ಡ ಬಂಬಲ್ ಬೀ ಅದು. ಟೆರೆಸ್ಟ್ರಿಸ್ ಎಲ್ಲಿಗೆ ಹೋಯ್ತೋ ಅಲ್ಲೆಲ್ಲ ಅದು ಕಾಣೆಯಾಗ್ತಾ ಬಂತು, ಈಗ ಐಯುಸಿಎನ್ ಅನ್ನೋ ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಸಂಸ್ಥೆಯ ಅಳಿವಿನಂಚಿನ ಪಟ್ಟೀಲಿದೆ. ಇಬ್ರೂ ಹೊಡೆದಾಡಿ ಸತ್ರು ಅಂತಲ್ಲ. ಎಪಿಸಿಸ್ಟಿಸ್ ಅನ್ನೋ ಒಂದು ಪರಾವಲಂಬಿ ರೋಗಾಣು ಇದೆ, ಹೊಸ ಜೇನು ಬರೋಕಿಂತ ಮೊದಲು ಹಿಡಿದಿಟ್ಟ ಹಳೇ ಸ್ಯಾಂಪಲ್ಲುಗಳನ್ನ ತೆಗೆದು ನೋಡಿದ್ರೆ ಅದು ಇರಲಿಲ್ಲ, ಬಂದ ಮೇಲಿನ ಹುಳಗಳಲ್ಲಿ ಸಿಕ್ಕಿತು, ಸ್ಥಳೀಯ ಜೇನಿನ ಮೈಯಲ್ಲೂ ಸಿಕ್ಕಿತು. ಒಂದೇ ಹೂವಿಗೆ ಇಬ್ರೂ ಬಂದ್ರೆ ಸಾಕು, ರೋಗ ದಾಟೋಕೆ ಅಷ್ಟೇ ಬೇಕು. ಅದರ ಮೇಲೆ ಮೇವಿನ ಪೈಪೋಟಿ ಬೇರೆ. ಉದ್ದ ಕೊಳವೆಯ ಹೂವಿಗೆ ಟೆರೆಸ್ಟ್ರಿಸ್ ನಾಲಿಗೆ ಎಟುಕದಿದ್ರೆ ಬುಡದಲ್ಲಿ ತೂತು ಕೊರೆದು ಮಕರಂದ ಹೀರಿ ಹೋಗತ್ತೆ, ಪರಾಗಸ್ಪರ್ಶದ ಕೆಲಸ ಮಾಡೋದೇ ಇಲ್ಲ. (ಈ ಕಳ್ಳತನ ನಮ್ಮೂರ ದುಂಬಿನೂ ಮಾಡತ್ತೆ, ನ್ಯಾಯವಾಗಿ ಹೇಳಬೇಕು. ಆದ್ರೆ ಅದು ಇಲ್ಲೇ ಹುಟ್ಟಿ ಬೆಳೆದ ಕಳ್ಳ, ಇಲ್ಲಿನ ಹೂವುಗಳಿಗೂ ಅದರ ಅಭ್ಯಾಸ ಇದೆ.)

ಬೆಳೆಗಾದ್ರೂ ಲಾಭ ಆಯ್ತಲ್ಲ ಅಂತೀರಾ? ಅರ್ಜೆಂಟೀನಾದ ರಾಸ್ಪ್‌ಬೆರಿ ತೋಟಗಳಲ್ಲಿ ಈ ಜೇನು ಎಷ್ಟು ಜಾಸ್ತಿ ಆಯ್ತು ಅಂದ್ರೆ ಒಂದೊಂದು ಹೂವಿಗೆ ದಿನವಿಡೀ ಮುತ್ತಿ ಮುತ್ತಿ ಹೂವಿನೊಳಗಿನ ಶಲಾಕೆಗಳೇ ಮುರಿದು ಹೋಗಿ, ಕಾಯಿ ಸರಿಯಾಗಿ ಕಟ್ಟಲಿಲ್ಲ ಅಂತ ಅಲ್ಲಿನವ್ರು ಅಧ್ಯಯನ ಮಾಡಿ ಬರೆದಿದ್ದಾರೆ. ಪರಾಗಸ್ಪರ್ಶಕ್ಕೆ ತಂದ ಹುಳ ಹೂವನ್ನೇ ಹಾಳು ಮಾಡಿದ್ದು.

ಜಪಾನಿನದ್ದು ಇನ್ನೊಂದು ನಮೂನೆ. ಅಲ್ಲಿ 1990ರ ದಶಕದ ಶುರೂಲಿ ಟೊಮೆಟೊ ಹಸಿರುಮನೆಗೆ ತಂದ್ರು. 1996ರಲ್ಲಿ ಹೊಕ್ಕೈಡೋದಲ್ಲಿ ಹೊರಗೆ ಕಾಡು ಗೂಡು ಸಿಕ್ಕಿತು. ಹೊರಗೆ ಹೇಗೆ ಬಂತು ಅನ್ನೋದ್ರಲ್ಲಿ ಮ್ಯಾಜಿಕ್ ಏನಿಲ್ಲ, ಪೆಟ್ಟಿಗೆಯ ಆಯಸ್ಸು ಒಂದೂವರೆ ಎರಡು ತಿಂಗಳು, ಕೊನೆಕೊನೆಗೆ ಅದ್ರಲ್ಲಿ ಹೊಸ ರಾಣಿಗಳು ಹುಟ್ತಾವೆ, ಹಳೇ ಪೆಟ್ಟಿಗೆನ ಸುಟ್ಟು ಹಾಕದೆ ಮೂಲೆಗೆ ಎಸೆದ್ರೆ ಅಥ್ವಾ ಬಲೇಲಿ ಒಂದು ತೂತು ಇದ್ರೆ ರಾಣಿ ಹೊರಟು ಹೋಗತ್ತೆ. ಹೊರಗೆ ಹೋದ ಟೆರೆಸ್ಟ್ರಿಸ್ ಗಂಡುಗಳು ಅಲ್ಲಿನ ಸ್ಥಳೀಯ ಜಾತಿಯ ರಾಣಿಗಳ ಜೊತೆ ಕೂಡಿಕೊಂಡ್ವು, ಆ ಮೊಟ್ಟೆ ಮರಿಯಾಗಲ್ಲ, ಅಂದ್ರೆ ಆ ರಾಣಿಯ ಸಂಸಾರ ಅಲ್ಲಿಗೇ ಮುಗೀತು. ಸ್ಥಳೀಯ ಜೇನಿನ ಗೂಡನ್ನೂ ಕಿತ್ಕೊಂಡ್ವು. 2006ರಲ್ಲಿ ಜಪಾನ್ ಸರ್ಕಾರ ಇದನ್ನ ಕಾನೂನುಬದ್ಧವಾಗಿ ಆಕ್ರಮಣಕಾರಿ ಜಾತಿ ಅಂತ ಘೋಷಿಸಿ, ಪರ್ಮಿಟ್ ಇಲ್ಲದೆ, ಬಲೆ ಇಲ್ಲದೆ ಸಾಕೋ ಹಾಗಿಲ್ಲ ಅಂತ ಮಾಡ್ತು. ಅಷ್ಟೊತ್ತಿಗೆ ಹತ್ತು ವರ್ಷ ಆಗಿತ್ತು. ಜಪಾನಿನವ್ರ ಶಿಸ್ತಿಗೇ ಹೀಗಾದ್ರೆ, ನಮ್ಮ ಪಾಲಿಹೌಸುಗಳ ಹರಿದ ಶೀಟ್ ನೀವೇ ನೋಡಿದ್ದೀರಲ್ಲ, ಒಂದು ಮಳೆಗಾಲ ದಾಟಿದ್ರೆ ಅರ್ಧ ಗಾಳಿಗೆ ಹಾರಿರತ್ತೆ.

ಕಂಪನಿ ಟೆಸ್ಟ್ ಮಾಡಿ ರೋಗ ಇಲ್ಲದ ಪೆಟ್ಟಿಗೆ ಕಳಿಸತ್ತಲ್ಲ ಅಂತ ಇನ್ನೊಂದು ವಾದ ಇದೆ. 2013ರಲ್ಲಿ ಬ್ರಿಟನ್ನಿನ ಸಂಶೋಧಕರು ಒಂದು ಅಧ್ಯಯನ ಪ್ರಕಟಿಸಿದ್ರು. ರೋಗಮುಕ್ತ ಅಂತ ಹೇಳಿ ಮಾರಿದ 48 ಪೆಟ್ಟಿಗೆ ತರಿಸಿ ನೋಡಿದ್ರು, ಶೇ. 77ರಲ್ಲಿ ಒಂದಲ್ಲ ಒಂದು ರೋಗಾಣು ಇತ್ತು. ಪೆಟ್ಟಿಗೆ ಜೊತೆ ಹುಳಕ್ಕೆ ತಿನ್ನೋಕೆ ಅಂತ ಪರಾಗ ಕೊಡ್ತಾರೆ, ಅದರಲ್ಲೂ ಇತ್ತು. ಆ ರೋಗಾಣುಗಳಲ್ಲಿ ಕೆಲವು ಬಂಬಲ್ ಬೀಗೆ ಮಾತ್ರ ಅಲ್ಲ, ಜೇನ್ನೊಣಕ್ಕೂ ಬರೋವು. ಅಂದ್ರೆ ನಮ್ಮ ತುಡುವೆಗೆ.

ಇಲ್ಲಿ ನನ್ನ ಹೊಟ್ಟೆ ಉರಿಯೋ ವಿಷಯ ಬರತ್ತೆ, ಸ್ವಲ್ಪ ಉದ್ದ ಆದ್ರೂ ಓದಿ.

ಥಾಯ್ ಸ್ಯಾಕ್‌ಬ್ರೂಡ್ ಅಂದ್ರೆ ನಿಮ್ಮ ಇಲಾಖೆಯ ಹಳೇ ಅಧಿಕಾರಿಗಳು ಇನ್ನೂ ನೆನಪಿಟ್ಕೊಂಡಿರ್ತಾರೆ. ಥಾಯ್ಲೆಂಡಲ್ಲಿ 1976ರಲ್ಲಿ ಗುರುತಿಸಿದ ವೈರಸ್ಸು, 1978ರಲ್ಲಿ ಮೇಘಾಲಯದಲ್ಲಿ ಕಂಡಿತು, 1991–92ಕ್ಕೆ ನಮ್ಮ ದಕ್ಷಿಣಕ್ಕೆ ಬಂತು, ಕರ್ನಾಟಕ ಕೇರಳ ತಮಿಳುನಾಡಲ್ಲಿ ತುಡುವೆ ಜೇನಿನ ಕುಟುಂಬಗಳಲ್ಲಿ ಶೇ. 90ಕ್ಕೂ ಹೆಚ್ಚು ಹೋದ್ವು. ಕೊಡಗಿನ ಜೇನು ಅಂತ ರಾಜ್ಯಕ್ಕೆಲ್ಲ ಹೆಸರಿತ್ತಲ್ಲ, ಅದು ನೆಲಕಚ್ಚಿದ್ದು ಆವಾಗ. ನಮ್ಮ ಶಿರಸಿ ಸಿದ್ದಾಪುರ ಯಲ್ಲಾಪುರ ಸೀಮೇಲೂ ಮನೆ ಮನೆ ಜೇನು ಪೆಟ್ಟಿಗೆ ಅಟ್ಟ ಸೇರ್ತು.

ಈ ರೋಗ ಬಂದ ಪೆಟ್ಟಿಗೆ ಒಳಗೆ ಹೇಗಿರತ್ತೆ ಅಂತ ಕೂತಲ್ಲೇ ಫೈಲ್ ನೋಡೋರಿಗೆ ಗೊತ್ತಾಗ್ಲಿ ಅಂತ ಹೇಳ್ತೇನೆ. ಸಂಸಾರ ಕೋಣೆಯ ಎರಿ, ಅಂದ್ರೆ ಮೇಣದ ತಟ್ಟಿ, ಎತ್ತಿ ಬೆಳಕಿಗೆ ಹಿಡಿದ್ರೆ ಮುಚ್ಚಿದ ಮರಿ ಕೋಣೆಗಳ ಮುಚ್ಚಳ ಅಲ್ಲಲ್ಲಿ ತೂತಾಗಿರತ್ತೆ, ಕೆಲಸಗಾರ ನೊಣಗಳು ಒಳಗೇನೋ ಸರಿ ಇಲ್ಲ ಅಂತ ತೆಗೆದು ನೋಡಿರ್ತಾವೆ. ಒಳಗೆ ಮರಿ ಅಂಗಾತ ಮಲಗಿರತ್ತೆ, ತಲೆ ಮಾತ್ರ ಮೇಲಕ್ಕೆ ಎತ್ತಿಕೊಂಡು. ಕಡ್ಡೀಲಿ ಮೆಲ್ಲಗೆ ಎತ್ತಿದ್ರೆ ಇಡೀ ಮರಿ ನೀರು ತುಂಬಿದ ಸಣ್ಣ ಚೀಲದ ಹಾಗೆ ಹೊರಗೆ ಬರತ್ತೆ, ಚುಚ್ಚಿದ್ರೆ ತಿಳಿ ನೀರು. ದೊಡ್ಡ ನೊಣಗಳು ಎರಡು ಮೂರು ವಾರ ಹಾಗೇ ಓಡಾಡಿಕೊಂಡಿರ್ತಾವೆ, ನೋಡೋರಿಗೆ ಪೆಟ್ಟಿಗೆ ಚೆನ್ನಾಗೇ ಇದೆ ಅನ್ನಿಸತ್ತೆ, ಆದ್ರೆ ಹೊಸ ನೊಣ ಹುಟ್ಟೋದೇ ಇಲ್ಲ. ಒಂದು ದಿನ ಇದ್ದವೂ ಎದ್ದು ಹೋಗ್ತಾವೆ. ಆಮೇಲೆ ಖಾಲಿ ಎರಿಗೆ ಮೇಣದ ಹುಳ ಬೀಳತ್ತೆ. "ಎಂತ ಮಾಡಿರೂ ಉಳದ್ದಿಲ್ಲೆ, ಪೂರಾ ಖಾಲಿ ಆತು" ಅಂತ ನಮ್ಮ ಹಿರಿಯರು ಇವತ್ತಿಗೂ ಹೇಳ್ತಾರೆ. ಔಷಧ ಇಲ್ಲ, ಅದು ವೈರಸ್ಸು. ಉಳಿದ ಕೆಲವೇ ಕುಟುಂಬಗಳು ತಾವೇ ತಡ್ಕೊಂಡು ನಿಧಾನಕ್ಕೆ ಮತ್ತೆ ಹೆಚ್ಚಾದ್ವು, ಈಗ್ಲೂ ಕೆಲವು ವರ್ಷ ಆ ರೋಗ ತಲೆ ಎತ್ತತ್ತೆ.

ನಂಗೆ ಇದ್ರಲ್ಲಿ ಸಿಟ್ಟು ಬರೋದು ಮಧ್ಯದ ಆ ಹದಿಮೂರು ವರ್ಷಕ್ಕೆ. ಮೇಘಾಲಯದಲ್ಲಿ ಕಂಡ ಮೇಲೆ ಇಲ್ಲಿಗೆ ಬರೋಕೆ ಅಷ್ಟು ಟೈಮ್ ಇತ್ತು, ಉತ್ತರದಲ್ಲಿ ಒಂದೊಂದೇ ರಾಜ್ಯದಲ್ಲಿ ಪೆಟ್ಟಿಗೆ ಖಾಲಿ ಆಗ್ತಿತ್ತು. ನಮ್ಮ ಕಡೆ ಪೆಟ್ಟಿಗೆ ಇಟ್ಟವನಿಗೆ ಯಾರೂ ಬಂದು ಹೀಗೊಂದು ಬರ್ತಾ ಇದೆ ಮಾರಾಯಾ ಅಂತ ಹೇಳಲಿಲ್ಲ. ಮರಿ ಸಾಯೋಕೆ ಶುರುವಾದ ಮೇಲೇ ಅದಕ್ಕೊಂದು ಹೆಸರಿದೆ ಅಂತ ಗೊತ್ತಾಗಿದ್ದು.

ಜೇನಿನ ರೋಗ ಒಂದೇ ದಿಕ್ಕಲ್ಲಿ ಹೋಗತ್ತೆ ಅಂತಲೂ ಇಲ್ಲ. ಏಷ್ಯಾದ ತುಡುವೆ ಜೇನಿನ ಮೈಮೇಲೆ ಎಷ್ಟೋ ಕಾಲದಿಂದ ಇದ್ದ ವರೋವಾ ನುಸಿ, ತುಡುವೆ ಅದನ್ನ ಕೆದರಿ ಕೆದರಿ ತೆಗೆದು ಹಾಕಿ ಬದುಕತ್ತೆ, ಅದೇ ನುಸಿ ಯುರೋಪಿನ ಮೆಲ್ಲಿಫೆರಾ ಅನ್ನೋ ಸಾಕು ಜೇನಿಗೆ ಹತ್ತಿದ್ದೇ ಪ್ರಪಂಚದ ಜೇನು ಕೃಷಿಯ ಸೊಂಟ ಮುರೀತು. ನಮ್ಮಲ್ಲಿ ಏನೂ ಅಲ್ಲದ್ದು ಅವರಿಗೆ ಮಾರಿ, ಅವರಲ್ಲಿ ಏನೂ ಅಲ್ಲದ್ದು ನಮಗೆ ಮಾರಿ ಆಗಬಹುದು. ಯಾವ ಲ್ಯಾಬ್ ಸರ್ಟಿಫಿಕೇಟೂ ಇನ್ನೂ ಹೆಸರೇ ಇಡದ ರೋಗಾಣುವನ್ನ ಹಿಡಿಯಲ್ಲ.

ಈಗ ಒಬ್ರು ಜಾಣರು ಎದ್ದು ಕೇಳ್ತಾರೆ, ಕಾರವಾರದ ಸೆಕೆಗೆ ಆ ಚಳಿ ದೇಶದ ಹುಳ ಬದುಕತ್ತಾ ಅಂತ. ಕಾರವಾರ ಅಂಕೋಲಾ ಬೀಚಲ್ಲಿ ಬದುಕದೇ ಇರಬಹುದು, ಒಪ್ಪಿದೆ. ಆದ್ರೆ ಘಟ್ಟದ ಮೇಲೆ ಕುದುರೆಮುಖ ಇದೆ, ಬಾಬಾಬುಡನ್‌ಗಿರಿ ಇದೆ, ಕೊಡಗಿದೆ, ಅದರಾಚೆ ನೀಲಗಿರಿ ಇದೆ. ಮೆಡಿಟರೇನಿಯನ್ ಬಿಸಿಲಿನ ದೇಶಗಳಲ್ಲೂ ಟೆರೆಸ್ಟ್ರಿಸ್ ಆರಾಮಾಗೇ ಇದೆ. ಇನ್ನೂ ಮುಖ್ಯ ಅಂದ್ರೆ, ಹುಳ ಇಲ್ಲಿ ನೆಲೆ ನಿಲ್ಲಲೇ ಬೇಕು ಅಂತಿಲ್ಲ. ಒಂದು ಪೆಟ್ಟಿಗೆ ಎರಡು ತಿಂಗಳು ಬದುಕಿ ಸತ್ರೂ, ಅಷ್ಟರೊಳಗೆ ಪಾಲಿಹೌಸ್ ಪಕ್ಕದ ತುಂಬೆ ಹೂವಿನ ಮೇಲೆ ಅದು ಬಿಟ್ಟು ಹೋದ ರೋಗಾಣುನ ನಮ್ಮ ತುಡುವೆ ಪೆಟ್ಟಿಗೆಗೆ ತಗೊಂಡು ಹೋದ್ರೆ, ಆಮೇಲೆ ಬಂಬಲ್ ಬೀ ಇದ್ರೆಷ್ಟು ಸತ್ರೆಷ್ಟು.

ಹಿಮಾಲಯದ ಬಂಬಲ್ ಬೀ ವಿಷಯಾನೂ ಇದಕ್ಕೇ ಸೇರಿಸಿದ್ದು. ಇಂಡಿಯಾದಲ್ಲಿ ಸುಮಾರು 48 ಜಾತಿ ಬಂಬಲ್ ಬೀ ಇದೆ, ಇರೋದೆಲ್ಲ ಹಿಮಾಲಯದ ಸಾಲಲ್ಲಿ. ನಮ್ಮ ಪಶ್ಚಿಮಘಟ್ಟದಲ್ಲಿ ಒಂದೂ ಇಲ್ಲ. ಹಿಮಾಚಲದ ಕಡೆ ಅಲ್ಲಿನದ್ದೇ ಜಾತಿ ಸಾಕಿ ಪಾಲಿಹೌಸ್ ಟೊಮೆಟೊಗೆ ಬಳಸೋ ಪ್ರಯೋಗ ನಡೆದಿದೆ, ಅಲ್ಲಿ ಅದು ಒಳ್ಳೇದೇ, ಅಲ್ಲಿಯ ಜೇನು ಅಲ್ಲಿಯ ಬೆಳೆ. ಆದ್ರೆ ಸ್ವದೇಶಿ ಅಂತ ಲೇಬಲ್ ಹಚ್ಚಿ ಅದನ್ನೇ ಸೋಲನ್ನಿಂದ ಶಿರಸಿಗೆ ಟ್ರಾನ್ಸ್‌ಪೋರ್ಟಲ್ಲಿ ಕಳಿಸಿದ್ರೆ ನಮ್ಮ ಕಾಡಿಗೆ ಅದೂ ಪರದೇಶಿನೇ. ಹೊರದೇಶದಿಂದ ಜೀವಂತ ಹುಳ ತರಬೇಕಂದ್ರೆ 2003ರ ಪ್ಲ್ಯಾಂಟ್ ಕ್ವಾರಂಟೀನ್ ಆರ್ಡರ್ ಪ್ರಕಾರ ಕೇಂದ್ರದ ಪರ್ಮಿಟ್ ಬೇಕು, ಅದೊಂದು ಬಾಗಿಲಾದ್ರೂ ಇದೆ. ದೇಶದೊಳಗೆ ಒಂದು ರಾಜ್ಯದಿಂದ ಇನ್ನೊಂದಕ್ಕೆ ಜೇನು ಪೆಟ್ಟಿಗೆ ಲಾರೀಲಿ ಬರೋವಾಗ ಯಾರು ನೋಡ್ತಾರೆ? ನಾನು ಒಂದು ಕಚೇರಿಗೆ ಹೋಗಿ ಕೇಳಿದೆ. ಅಲ್ಲಿದ್ದವ್ರು ಪಾಪ ಕೂರ್ಸಿ ಮಾತಾಡ್ಸಿದ್ರು, ಆಮೇಲೆ ಇದು ನಮ್ಗೆ ಬರಲ್ಲ ಅರಣ್ಯದವ್ರಿಗೆ ಬರತ್ತೆ ಅಂದ್ರು. ಅಲ್ಲಿಗೆ ಹೋದ್ರೆ ಜೇನು ಕೃಷಿ ಅಲ್ವಾ, ಅದು ತೋಟಗಾರಿಕೆಯವ್ರದ್ದು ಅಂದ್ರು. ಮಾಜಾಳಿ ಚೆಕ್‌ಪೋಸ್ಟಲ್ಲಿ ಗೋವಾ ಬಾಟಲಿ ಒಂದು ಜಾಸ್ತಿ ಇದ್ರೆ ಡಿಕ್ಕಿ ತೆಗೆಸಿ ಹುಡುಕ್ತಾರೆ, ಅದೇ ಗಾಡೀಲಿ ಹೊರಗಿನ ಜೇನು ಪೆಟ್ಟಿಗೆ ಇಟ್ಕೊಂಡು ಹೋದ್ರೆ ತುಪ್ಪ ಇದ್ಯಾ ಅಂತ ಕೇಳಿ ಬಿಡ್ತಾರೆ ಅಷ್ಟೇ.

ಹಂಗಾಗಿ ಕರ್ನಾಟಕ ಒಂದೇ ಆದೇಶ ಮಾಡಿ ಕೂತ್ರೂ ಸಾಲಲ್ಲ, ಚಿಲಿ ತಂದಿದ್ದಕ್ಕೆ ಅರ್ಜೆಂಟೀನಾ ಅನುಭವಿಸಿದ್ದು ಮೇಲೆ ಹೇಳಿದ್ನಲ್ಲ. ಗೋವಾ, ಮಹಾರಾಷ್ಟ್ರ, ಕೇರಳ, ತಮಿಳುನಾಡಿನ ಇಲಾಖೆಯವ್ರ ಜೊತೆ ಕೂತು ಘಟ್ಟದ ಸಾಲಿಗೆಲ್ಲ ಒಂದೇ ನಿಯಮ ಅಂತ ಮಾಡ್ಬೇಕು. ದೊಡ್ಡ ಕೆಲಸ ಅಂತ ಗೊತ್ತು. ಆದ್ರೆ ಹುಳ ಬಂದ ಮೇಲೆ ಮಾಡೋ ಕೆಲಸಕ್ಕಿಂತ ಸಣ್ಣದು. ಕಾಂಗ್ರೆಸ್ ಗಿಡ 1950ರ ದಶಕದಲ್ಲಿ ಗೋಧಿ ಜೊತೆ ಬಂದಿದ್ದು, ಇವತ್ತಿಗೂ ಕೀಳ್ತಾ ಇದ್ದೇವೆ. ಫಾಲ್ ಆರ್ಮಿವರ್ಮ್ ಅನ್ನೋ ಸೈನಿಕ ಹುಳ ಇಂಡಿಯಾದಲ್ಲಿ ಮೊದಲು ಸಿಕ್ಕಿದ್ದೇ ನಮ್ಮ ಪಕ್ಕದ ಶಿವಮೊಗ್ಗದಲ್ಲಿ 2018ರಲ್ಲಿ, ಮುಂಡಗೋಡ ಹಳಿಯಾಳದ ಗೋವಿನಜೋಳದವ್ರನ್ನ ಕೇಳಿ ಅದರ ಕಥೆ. ಅವು ಗೊತ್ತಿಲ್ಲದೆ ಬಂದಿದ್ದು. ಇದು ಹಾಗಲ್ಲ, ನಾವೇ ದುಡ್ಡು ಕೊಟ್ಟು ಬಿಲ್ ಮಾಡಿಸಿ ತರೋದು, ಆದ್ದರಿಂದ ತಡೆಯೋದೂ ಸುಲಭ.

ಬೇಡ ಅಂದ್ರೆ ರೈತನ ಗತಿ ಏನು ಅನ್ನೋದಕ್ಕೂ ಉತ್ತರ ಇದೆ. ಆಸ್ಟ್ರೇಲಿಯಾದ ಟೊಮೆಟೊ ಹಸಿರುಮನೆಯವ್ರು ನಮಗೂ ಬಂಬಲ್ ಬೀ ಬೇಕು ಅಂತ ಪಟ್ಟು ಹಿಡಿದಿದ್ರು, ಅಲ್ಲಿಯ ಟಾಸ್ಮೇನಿಯಾ ದ್ವೀಪಕ್ಕೆ 1992ರಲ್ಲಿ ಅದು ಹೇಗೋ ಬಂದು ಸೇರಿಯೂ ಆಗಿತ್ತು. ಆದ್ರೂ 2008ರಲ್ಲಿ ಅಲ್ಲಿನ ಸರ್ಕಾರ ಮುಖ್ಯ ನೆಲಕ್ಕೆ ತರೋ ಹಾಗಿಲ್ಲ ಅಂತ ಹೇಳ್ತು. ಅಲ್ಲಿನ ಅಡಿಲೇಡ್‌ನ ಸಂಶೋಧಕರು ತಮ್ಮದೇ ನಾಡಿನ ನೀಲಿ ಪಟ್ಟೆ ಜೇನನ್ನ ಟೊಮೆಟೊ ಮನೆಯೊಳಗೆ ಬಿಟ್ಟು ನೋಡಿದ್ರು, ಕೆಲಸ ಮಾಡ್ತು.

ಆ ನೀಲಿ ಪಟ್ಟೆ ಜೇನಿನ ಬಳಗ ನಮ್ಮಲ್ಲೂ ಇದೆ ಸಚಿವರೇ, ಅಮೆಜಿಲ್ಲಾ ಅಂತಾರೆ. ಅಂಕೋಲಾ ಗೋಕರ್ಣ ಕಡೆ ಹಾಲಕ್ಕಿ ಒಕ್ಕಲಿಗರು ಭತ್ತ ಕೊಯ್ದ ಗದ್ದೇಲಿ ತರಕಾರಿ ಹಾಕ್ತಾರಲ್ಲ, ಅಲ್ಲಿ ಬೆಳಿಗ್ಗೆ ಬದನೆ ಸಾಲಿನ ಹತ್ರ ಸುಮ್ನೆ ಕುಕ್ಕರುಗಾಲಲ್ಲಿ ಕೂತು ನೋಡಿ. ತುಡುವೆಯಷ್ಟೇ ದೊಡ್ಡದು, ಹೊಟ್ಟೆ ಮೇಲೆ ಹೊಳೆಯೋ ನೀಲಿ ಗೆರೆ, ಒಂದು ಕಡೆ ನಿಲ್ಲೋದೇ ಇಲ್ಲ. ಹೂವಿಗೆ ಬಂದು ಹಳದಿ ಕೇಸರನ ತಬ್ಬಿ ಹಿಡಿಯತ್ತೆ, ಮೈ ಬಗ್ಗಿಸತ್ತೆ, ಝೂಂ ಅಂತ ಸಣ್ಣ ಸದ್ದು ಕೇಳತ್ತೆ, ಹಾರೋವಾಗಿನ ಸದ್ದಿಗಿಂತ ಇದು ಸ್ವಲ್ಪ ಕೀರಲು. ಕೇಸರದ ತುದಿಯ ತೂತಿಂದ ಪರಾಗ ಉದುರಿ ಹೊಟ್ಟೆಗೆ ಮೆತ್ತಿಕೊಳ್ಳತ್ತೆ. ಕಣ್ಣು ಮಿಟುಕಿಸೋದ್ರೊಳಗೆ ಪಕ್ಕದ ಹೂವು. ಬಂಬಲ್ ಬೀ ಮಾಡೋ ಕೆಲಸಾನೇ ಇದು, ಒಂದು ಪೈಸೆ ಬಿಲ್ ಇಲ್ಲ. ನಮ್ಮ ದೊಡ್ಡ ಕಪ್ಪು ದುಂಬಿನೂ ಬದನೆಗೆ ಹೀಗೇ ಮಾಡತ್ತೆ.

ಇವುಗಳನ್ನ ಪೆಟ್ಟಿಗೇಲಿ ಕೂರಿಸಿ ಸಾಕೋದು ತುಡುವೆಯಷ್ಟು ಸುಲಭ ಅಲ್ಲ ನಿಜ. ನೀಲಿ ಪಟ್ಟೆಯದ್ದು ಒಂಟಿ ಸಂಸಾರ, ಮಣ್ಣಿನ ಗೋಡೆ, ಧರೆ, ಹಳೇ ಕಟ್ಟೆಯಲ್ಲಿ ತೂತು ಕೊರೆದು ಗೂಡು ಮಾಡತ್ತೆ. ಅದನ್ನ ಹೇಗೆ ಹೆಚ್ಚಿಸೋದು ಅಂತ ಕೂತು ಕೆಲಸ ಮಾಡ್ಬೇಕು. ಶಿರಸಿಯಲ್ಲೇ ಅರಣ್ಯ ಕಾಲೇಜಿದೆ, ತೋಟಗಾರಿಕೆ ಕಾಲೇಜಿದೆ, ಮಕ್ಕಳು ಓದ್ತಾ ಇದ್ದಾರೆ, ಒಂದು ನಾಲ್ಕೈದು ವರ್ಷದ ಪ್ರಾಜೆಕ್ಟ್ ಕೊಡಿ. ರಾಷ್ಟ್ರೀಯ ಜೇನು ಮಿಷನ್‌ಗೆ 500 ಕೋಟಿ ಅಂತ ಘೋಷಣೆ ಆಗಿತ್ತು, ಅದ್ರಲ್ಲಿ ತುಪ್ಪ ಕೊಡದ ಜೇನುಗಳಿಗೆ ಏನಾದ್ರೂ ಇದ್ಯಾ? ಬರೀ ಪೆಟ್ಟಿಗೆ ಹಂಚೋದು, ತರಬೇತಿ ದಿನ ಊಟ ಹಾಕಿ ಫೋಟೋ ತೆಗೆಯೋದು, ಮೇ 20ಕ್ಕೆ ವಿಶ್ವ ಜೇನು ದಿನದ ಭಾಷಣ, ಇಷ್ಟೇ ಆದ್ರೆ ಹೇಗೆ. ಪಾಲಿಹೌಸ್ ಸಬ್ಸಿಡಿ ಕೊಡೋವಾಗ್ಲೇ ಅರ್ಜೀಲಿ ಒಂದು ಸಾಲು ಸೇರಿಸಿ, ಹೊರಗಿನ ಪರಾಗಸ್ಪರ್ಶಿ ಹುಳ ತರಲ್ಲ ಅಂತ, ತಂದ್ರೆ ಸಬ್ಸಿಡಿ ವಾಪಸ್. ನಮ್ಮ ರೈತರು ಸಬ್ಸಿಡಿ ವಾಪಸ್ ಅನ್ನೋ ಮಾತಿಗೆ ಹೆದರಿದಷ್ಟು ಪೊಲೀಸ್ರಿಗೂ ಹೆದರಲ್ಲ.

ಮೆಲ್ಲಿಫೆರಾ ಬಗ್ಗೆ ಹೇಳದೆ ಇದ್ರೆ ಒಂದು ಕಣ್ಣಿಗೆ ಬೆಣ್ಣೆ ಒಂದು ಕಣ್ಣಿಗೆ ಸುಣ್ಣ ಆಗತ್ತೆ. ಅದೂ ಹೊರಗಿನದ್ದೇ, 1960ರ ದಶಕದಲ್ಲಿ ಹಿಮಾಚಲದ ನಗ್ರೋಟಾದಲ್ಲಿ ನೆಲೆ ಮಾಡಿಸಿದ್ದು, ಇವತ್ತು ಉತ್ತರ ಭಾರತದ ಎಷ್ಟೋ ಕುಟುಂಬಕ್ಕೆ ಅದೇ ಅನ್ನ. ಅದನ್ನ ಓಡಿಸಿ ಅಂತ ನಾನು ಹೇಳ್ತಿಲ್ಲ, ಆಗೋ ಮಾತೂ ಅಲ್ಲ. ಆದ್ರೆ ಸೀಸನ್ನಲ್ಲಿ ನೂರಾರು ಪೆಟ್ಟಿಗೆ ಲಾರೀಲಿ ತಂದು ಕಾಡಿನ ಅಂಚಿಗೆ ಇಳಿಸೋರಿಗೆ ರೋಗ ತಪಾಸಣೆ ಕಡ್ಡಾಯ ಮಾಡಿ, ಎಲ್ಲಿ ಇಡ್ತಾರೆ ಅಂತ ಪಂಚಾಯ್ತಿಗೆ ತಿಳಿಸೋ ಹಾಗೆ ಮಾಡಿ.

ಇನ್ನು ನಮ್ಮ ಜನಕ್ಕೆ ಎರಡು ಮಾತು, ಸಚಿವರು ಈ ಭಾಗ ಬಿಟ್ಟು ಓದಿದ್ರೂ ಅಡ್ಡಿಲ್ಲ. ಬಂಬಲ್ ಬೀ ಅಪಾಯ ಅಂತ ಓದಿ ಮನೆ ರೀಪು ಕೊರೆಯೋ ಕಪ್ಪು ದುಂಬಿಗೆ ಹಿಟ್ ಹೊಡೀಬೇಡಿ ಮಾರಾಯ್ರೆ. ಅದು ಬಂಬಲ್ ಬೀ ಅಲ್ಲ. ದೊಡ್ಡ ಸದ್ದು ಮಾಡ್ಕೊಂಡು ಬರೋ, ರೆಕ್ಕೆ ನೀಲಿ ನೇರಳೆ ಹೊಳೆಯೋ ಅದು ನಮ್ಮದೇ, ನಿಮ್ಮ ಅಂಗಳದ ಬದನೆಗೂ ಚಪ್ಪರದ ಬಳ್ಳಿಗೂ ಕೆಲಸ ಮಾಡೋದು ಅದೇ. ರೀಪಿನ ಚಿಂತೆ ಆದ್ರೆ ಎರಡು ಒಣ ಬಿದಿರಿನ ತುಂಡು ಸೌದೆ ಮನೆ ಹತ್ರ ಕಟ್ಟಿ, ಅಲ್ಲಿಗೆ ಹೋಗತ್ತೆ. ಕಳೆನಾಶಕ ಹೊಡೆದು ತೋಟನ ಸಿಮೆಂಟ್ ನೆಲದ ಹಾಗೆ ಮಾಡಿದ್ರೆ ಯಾವ ಜೇನೂ ಉಳಿಯಲ್ಲ, ಆಮೇಲೆ ಏಲಕ್ಕಿ ಕಾಯಿ ಕಟ್ಟಲಿಲ್ಲ ಅಂತ ಗೊಬ್ಬರದ ಅಂಗಡಿಯವನ ಹತ್ರ ಹೋಗಿ ಕೂರೋದು. ಹಳೇ ಗೋಡೆಗೆ ಪ್ಲಾಸ್ಟರ್ ಮಾಡಿಸೋವಾಗ ಮಿಸ್ರಿ ಇರೋ ಸಂದಿ ಒಂದನ್ನ ಬಿಡಿಸಿ, ಮೇಸ್ತ್ರಿಗೆ ಮೊದ್ಲೇ ಹೇಳಿಡಿ.

ಮತ್ತೆ ಪಂಚಾಯ್ತಿ ಸದಸ್ಯರಿಗೆ: 2002ರ ಜೀವವೈವಿಧ್ಯ ಕಾಯ್ದೆ ಪ್ರಕಾರ ನಿಮ್ಮಲ್ಲಿ ಜೀವವೈವಿಧ್ಯ ನಿರ್ವಹಣಾ ಸಮಿತಿ ಅಂತ ಒಂದು ಇರ್ಬೇಕು, ಬಹಳ ಕಡೆ ಬೋರ್ಡ್ ಮಾತ್ರ ಇರತ್ತೆ. ಜನತಾ ಜೀವವೈವಿಧ್ಯ ದಾಖಲೆ ಪುಸ್ತಕ ತೆಗೆಸಿ ನೋಡಿ, ಅದ್ರಲ್ಲಿ ಮರ ಗಿಡ ಔಷಧಿ ಬೇರು ಎಲ್ಲ ಇರತ್ತೆ, ಜೇನಿನ ಪುಟ ಖಾಲಿ. ಹೆಜ್ಜೇನು ಯಾವ ಮರಕ್ಕೆ ಕಟ್ಟತ್ತೆ, ಮಿಸ್ರಿ ಎಲ್ಲೆಲ್ಲಿದೆ, ನೀಲಿ ಪಟ್ಟೆ ಯಾವ ಧರೇಲಿ ಗೂಡು ಮಾಡತ್ತೆ ಅಂತ ಈಗ್ಲೇ ಬರೆಸಿ ಇಡಿ. ಏನು ಇತ್ತು ಅಂತ ಬರೆದಿಟ್ಟಿಲ್ಲ ಅಂದ್ರೆ ಏನು ಹೋಯ್ತು ಅಂತ ಯಾರ ಹತ್ರ ಹೇಳೋದು.

ಸಚಿವರೇ, ಝೇಂಕಾರ ಅಂತ ಬ್ರಾಂಡ್ ಮಾಡಿ ರಾಜ್ಯದ ಜೇನುತುಪ್ಪ ಮಾರೋಕೆ ಹೊರಟಿದ್ದೀರಿ, ಸಂತೋಷ, ಆ ತುಪ್ಪ ಕೊಡೋ ಹುಳದ ಕಾವಲೂ ನಿಮ್ಮ ಇಲಾಖೆದೇ ಅಂತ ಒಂದು ಕಾಗದದಲ್ಲಿ ಬರೆದು ಸಹಿ ಮಾಡಿ. ಅರಣ್ಯ ಇಲಾಖೆದ್ದೋ ತೋಟಗಾರಿಕೆದ್ದೋ ಅನ್ನೋ ಗೊಂದಲ ಇದ್ರೆ ಇಬ್ರೂ ಸೇರಿ ಒಂದೇ ಸುತ್ತೋಲೆ ಹೊರಡಿಸಿ, ಅದರಲ್ಲಿ ರೈತ ಯಾರಿಗೆ ಫೋನ್ ಮಾಡ್ಬೇಕು ಅನ್ನೋ ನಂಬರ್ ಇರ್ಲಿ, ಆ ನಂಬರ್ ಎತ್ತೋರೂ ಇರ್ಲಿ. ಸುತ್ತೋಲೆ ಕನ್ನಡದಲ್ಲೇ ಇರ್ಲಿ ಅನ್ನೋದನ್ನ ಬೇರೆ ಹೇಳ್ಬೇಕಾ. ಜೇನು ಕುಟುಂಬ ಒಡೆದು ಪಾಲಾಗೋ ಸೀಸನ್ ಶುರುವಾಗೋದ್ರೊಳಗೆ ಬಂದ್ರೆ ನಮ್ಮ ಗುಂಪಲ್ಲಿ ಎಲ್ಲರಿಗೂ ನಾನೇ ಹಾಕ್ತೇನೆ, ಆ ಟೊಮೆಟೊ ವಿಡಿಯೋ ಹಾಕಿದವನಿಗೆ ಮೊದ್ಲು.

ಇಂತಿ,
ಶಿರಸಿ ತಾಲೂಕಿನ ಒಬ್ಬ ಜೇನು ಸಾಕುವವ